ಎರೆಮಣ್ಣಿನ ಇಲಿ, ಕೆಸರುಗಡಲಿನ ಶಾರ್ಕ್

ಕರ್ನಾಟಕದಲ್ಲಿ ಕಡಲಿನಿಂದ ಬಲು ದೂರ ಉಳಿದ ಜಿಲ್ಲೆ ಬೀದರ್. ಮೀನು ಎಂದರೆ ಇಲ್ಲಿ ಕಾರಂಜಾ ಜಲಾಶಯದ, ಮಾಂಜ್ರಾ ನದಿಯ ರೋಹು, ಕಾಟ್ಲಾ. ಆದರೂ ಬೀದರ್, ಭಾಲ್ಕಿ ಕಡೆಯ ಕಾಲೇಜುಗಳಲ್ಲಿ ಹಿಂದೊಮ್ಮೆ ಪ್ರಾಣಿಶಾಸ್ತ್ರ ಓದಿದವರನ್ನು ಕೇಳಿದರೆ ಶಾರ್ಕ್ ಮುಟ್ಟಿದವರು ಸಿಗುತ್ತಾರೆ. ಸಮುದ್ರವನ್ನೇ ಕಾಣದೆ ಶಾರ್ಕನ್ನು ಕಂಡವರು ಇವರು. ದಶಕಗಳ ಕಾಲ ಭಾರತದ ಬಿ.ಎಸ್ಸಿ. ಪ್ರಾಯೋಗಿಕ ತರಗತಿಗಳಲ್ಲಿ ಮೇಣ ಹಾಕಿದ ಟ್ರೇಯ ಮೇಲೆ ಒಂದು ವಾರ ಫಾರ್ಮಾಲಿನ್ ನಾತದ ಪುಟ್ಟ ಶಾರ್ಕ್ ಮಲಗಿರುತ್ತಿತ್ತು, ಇನ್ನೊಂದು ವಾರ ಇಲಿ. ಇಲಿ ಊರಿನದೇ. ಶಾರ್ಕ್ ಮಾತ್ರ ಅರಬ್ಬಿ ಸಮುದ್ರದಿಂದ ಡಬ್ಬಿ ಸೇರಿ ಬಂದದ್ದು.

ಆ ಶಾರ್ಕಿನ ಹೆಸರು ಸ್ಕೋಲಿಯೋಡಾನ್ ಲ್ಯಾಟಿಕಾಡಸ್. ವಿದ್ಯಾರ್ಥಿಗಳ ಬಾಯಲ್ಲಿ ಬರೀ ಸ್ಕೋಲಿಯೋಡಾನ್, ಇಲ್ಲವೇ ಡಾಗ್‌ಫಿಶ್. ಕೊಂಕಣಿ ಮೀನು ಮಾರುಕಟ್ಟೆಯಲ್ಲಿ ಶಾರ್ಕುಗಳಿಗೆಲ್ಲ ಮೋರಿ ಎನ್ನುತ್ತಾರೆ. ಇದೂ ಒಂದು ಮೋರಿಯೇ. ಪೂರ್ತಿ ಬೆಳೆದರೂ ಮುಕ್ಕಾಲು ಮೀಟರ್ ದಾಟುವುದಿಲ್ಲ. ಮೂತಿ ಸಲಿಕೆಯಂತೆ ಚಪ್ಪಟೆ. ದಡಕ್ಕೆ ಹತ್ತಿರದ ಕೆಸರು ತಳದ, ಆಳವಿಲ್ಲದ ನೀರೇ ಇದರ ವಾಸ. ಗುಜರಾತ್, ಮಹಾರಾಷ್ಟ್ರದ ಕರಾವಳಿಯಲ್ಲಿ ಹೇರಳ, ಕರ್ನಾಟಕದ ಬಲೆಗಳಿಗೂ ಬೀಳುತ್ತದೆ. ಸಿನಿಮಾದಲ್ಲಿ ದೋಣಿ ಮುರಿಯುವ ದೈತ್ಯನನ್ನು ನೆನೆದು ಇದನ್ನು ನೋಡಿದವರಿಗೆ ನಿರಾಸೆ ಖಂಡಿತ.

ಈ ಮೀನನ್ನು ಭಾರತದ ಪಠ್ಯಕ್ಕೆ ಗಟ್ಟಿಯಾಗಿ ಕಟ್ಟಿಹಾಕಿದ್ದು 1928ರಲ್ಲಿ ಬಂದ ಒಂದು ಪುಸ್ತಕ. ಲಖನೌದ ಇಸಬೆಲ್ಲಾ ಥೋಬರ್ನ್ ಕಾಲೇಜಿನ ಅಧ್ಯಾಪಕಿ ಇ. ಎಂ. ತಿಲ್ಲಯಂಪಲಂ ‘ಇಂಡಿಯನ್ ಜುವಾಲಜಿಕಲ್ ಮೆಮಾಯರ್ಸ್’ ಮಾಲೆಯಲ್ಲಿ ಸ್ಕೋಲಿಯೋಡಾನಿನ ನರ, ನಾಳ, ಅಂಗಾಂಗಗಳನ್ನು ಒಂದೊಂದಾಗಿ ವಿವರಿಸಿ ಬರೆದರು. ಅಲ್ಲಿಯತನಕ ನಮ್ಮ ವಿದ್ಯಾರ್ಥಿಗಳು ಯುರೋಪಿನ ಪ್ರಾಣಿಗಳ ಚಿತ್ರ ನೋಡಿ ಭಾರತದ ಪ್ರಾಣಿಯನ್ನು ಕೊಯ್ಯಬೇಕಿತ್ತು. ಅಂದಹಾಗೆ, ಲಖನೌಗೂ ಬೀದರಿನಂತೆ ಕಡಲಿಲ್ಲ.

ಪರೀಕ್ಷೆಯಲ್ಲಿ ಶಾರ್ಕಿನ ತಲೆಯ ನರಗಳನ್ನು ಬಿಡಿಸಿ ತೋರಿಸುವುದು ದೊಡ್ಡ ಅಂಕದ ಪ್ರಶ್ನೆ. ಅದು ಸಾಧ್ಯವಾಗುತ್ತಿದ್ದುದು ಶಾರ್ಕಿಗೆ ಎಲುಬೇ ಇಲ್ಲದ ಕಾರಣ. ಅದರ ಅಸ್ಥಿಪಂಜರವೆಲ್ಲ ಮೆಲ್ಲೆಲುಬು. ನಮ್ಮ ಕಿವಿಯಲ್ಲಿ, ಮೂಗಿನ ತುದಿಯಲ್ಲಿ ಇರುವಂಥದು. ಹರಿತ ಬ್ಲೇಡಿನಿಂದ ತಲೆಬುರುಡೆಯನ್ನೇ ತೆಳ್ಳಗೆ ಸವರಿ ಒಳಗಿನ ನರಗಳನ್ನು ಹೊರಗೆಡಹಬಹುದು. ಇಲಿಯ ಗಟ್ಟಿ ಬುರುಡೆಯಲ್ಲಿ ಈ ಆಟ ನಡೆಯದು. ಹಾಗಾಗಿ ಇಲಿಯಲ್ಲಿ ಹೊಟ್ಟೆ, ಎದೆ, ಮೂತ್ರ ಮತ್ತು ಜನನಾಂಗಗಳ ಪಾಠ. ಶಾರ್ಕಿನ ಹೃದಯದಲ್ಲಿ ರಕ್ತ ತುಂಬಿಕೊಳ್ಳುವ ಕೋಣೆ ಒಂದು, ತಳ್ಳುವ ಕೋಣೆ ಒಂದು. ಇಲಿಯ ಹೃದಯದಲ್ಲಿ ನಾಲ್ಕು. ಶಾರ್ಕಿನ ಕರುಳು ಗಿಡ್ಡ, ಆದರೆ ಅದರೊಳಗೆ ಸುರುಳಿ ಸುತ್ತಿದ ಪೊರೆಯಿದ್ದು ಆಹಾರ ಹೀರುವ ಜಾಗ ಹೆಚ್ಚುತ್ತದೆ. ಕಾಳು, ಬೇರು, ಕಾಂಡ ತಿನ್ನುವ ಇಲಿಗೆ ಉದ್ದದ ಕರುಳೂ ಬೇಕು, ನಾರು ಹುಳಿಯಿಸಲು ಕುರುಡು ಚೀಲವೂ ಬೇಕು.

ಹಲ್ಲುಗಳಲ್ಲಿ ಮಾತ್ರ ಇಬ್ಬರದೂ ಒಂದೇ ಸಮಸ್ಯೆ: ಸವೆತ. ಇಲಿಯ ಮುಂಬಲ್ಲು ಸಾಯುವತನಕ ಬೆಳೆಯುತ್ತಲೇ ಇರುತ್ತದೆ. ಮುಂಭಾಗದಲ್ಲಷ್ಟೇ ಗಟ್ಟಿ ಎನಾಮಲ್, ಹಿಂಭಾಗ ಮೆತ್ತಗೆ. ಕಡಿದಷ್ಟೂ ಹಿಂಬದಿ ಬೇಗ ಸವೆದು ಅಂಚು ತಾನಾಗಿ ಹರಿತವಾಗುತ್ತದೆ. ಆ ಹಲ್ಲಿನ ಹಳದಿ ಬಣ್ಣ ಕೊಳೆಯಲ್ಲ, ಎನಾಮಲ್ಲಿನಲ್ಲಿ ಸೇರಿದ ಕಬ್ಬಿಣ. ಶಾರ್ಕಿನದು ಬೇರೆಯೇ ಉಪಾಯ. ಬಳಸುವ ಸಾಲಿನ ಹಿಂದೆ ಹೊಸ ಹಲ್ಲುಗಳ ಸಾಲುಗಳು ಸರದಿಗೆ ಕಾದಿರುತ್ತವೆ; ಒಂದು ಉದುರಿದರೆ ಇನ್ನೊಂದು ಮುಂದೆ ಬರುತ್ತದೆ. ಒಬ್ಬ ಹಲ್ಲನ್ನು ರಿಪೇರಿ ಮಾಡಿಕೊಳ್ಳುತ್ತಾನೆ, ಇನ್ನೊಬ್ಬ ಬದಲಾಯಿಸುತ್ತಾನೆ.

ವಯಸ್ಸಿನ ಲೆಕ್ಕಕ್ಕೆ ಬಂದರೆ ಬೀದರಿನ ನೆಲವೇ ನಡುವೆ ನಿಲ್ಲುತ್ತದೆ. ಕೋಟೆಯಿರುವ ಕೆಂಪು ಮುರಕಲ್ಲಿನ ಪ್ರಸ್ಥಭೂಮಿಯ ಅಡಿಯಲ್ಲಿರುವುದು ದಖನ್ನಿನ ಲಾವಾ ಬಂಡೆ, ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದು ಆರಿದ್ದು. ಆಗಲೇ ಶಾರ್ಕುಗಳ ವಂಶಕ್ಕೆ ಮೂವತ್ತು ಕೋಟಿ ವರ್ಷಕ್ಕೂ ಮೀರಿದ ಇತಿಹಾಸವಿತ್ತು. ದಂಶಕಗಳು ಇನ್ನೂ ಹುಟ್ಟಿರಲಿಲ್ಲ. ಅವುಗಳ ಅತಿ ಹಳೆಯ ಪಳೆಯುಳಿಕೆಗಳು ಲಾವಾ ಆರಿದ ಬಹುಕಾಲದ ನಂತರದವು. ಬೀದರಿನಿಂದ ಹೈದರಾಬಾದಿಗೆ ಹೋಗುವ ರೈಲು ಹಾಯುವ ವಿಕಾರಾಬಾದಿನ ಹತ್ತಿರ, ನಸ್ಕಲ್ ಎಂಬಲ್ಲಿ, ಎರಡು ಲಾವಾ ಪದರಗಳ ನಡುವಿನ ಕೆರೆಮಣ್ಣಿನಿಂದ ಜಿ.ವಿ.ಆರ್. ಪ್ರಸಾದ್ ಮತ್ತು ಅಶೋಕ್ ಸಾಹ್ನಿ ಪುಟ್ಟ ಹಲ್ಲುಗಳನ್ನು ಸೋಸಿ ತೆಗೆದು 1988ರಲ್ಲಿ ಪ್ರಕಟಿಸಿದರು. ಡೆಕ್ಕನೊಲೆಸ್ಟಿಸ್ ಎಂದು ಹೆಸರಾದ ಆ ಪ್ರಾಣಿ ಗಾತ್ರದಲ್ಲಿ ಸುಂಡಿಲಿಯಷ್ಟೇ, ಇಲಿಯಂತೂ ಅಲ್ಲ. ಇಂದು ಬೀದರ್ ಜಿಲ್ಲೆಯ ಔರಾದಿನ ಹೊಲದಲ್ಲಿ ಬಿಲ ತೋಡುವ ಇಲಿಯ ಕುಲ ಆ ಬಿಲದ ಅಡಿಗಲ್ಲಿಗಿಂತ ಚಿಕ್ಕದು. ಶಾರ್ಕಿನ ಕುಲ ಅದೇ ಕಲ್ಲಿಗಿಂತ ಎಷ್ಟೋ ಪಟ್ಟು ಹಿರಿದು.

ಬೀದರ್, ಹುಮನಾಬಾದಿನ ಸುತ್ತ ಕೆಂಪು ನೆಲ. ಭಾಲ್ಕಿ, ಔರಾದಿನ ಕಡೆ ಹೆಚ್ಚಾಗಿ ಎರೆ. ಮುಂಗಾರಿಗೆ ಸೋಯಾ, ತೊಗರಿ, ಹೆಸರು, ಉದ್ದು. ಹಿಂಗಾರಿಗೆ ಜೋಳ, ಕಡಲೆ. ನೀರಾವರಿ ಇದ್ದಲ್ಲಿ ಕಬ್ಬು. ಇಲಿಗಳ ದೃಷ್ಟಿಯಲ್ಲಿ ಇದು ವರ್ಷವಿಡೀ ಬಡಿಸಿಟ್ಟ ಊಟ. ಬಿತ್ತಿದ ಕಾಳು, ಎಳೆ ಕಾಯಿ, ಜೋಳದ ತೆನೆ, ರಾಶಿ ಮಾಡಿದ ಮೇಲೆ ಮನೆಯ ಚೀಲ, ಎಲ್ಲದಕ್ಕೂ ಬೇರೆ ಬೇರೆ ಗಿರಾಕಿಗಳು. ಅಂಗೈಯಲ್ಲಿ ಕೂರುವ, ಹತ್ತು ಗ್ರಾಂ ಆಸುಪಾಸಿನ ಹೊಲದ ಚಿಟ್ಟಿಲಿಯಿಂದ ಹಿಡಿದು ಕಬ್ಬಿನ ಗದ್ದೆಯ ಬದುವಿನಲ್ಲಿ ಸುರಂಗ ತೋಡುವ ಹೆಗ್ಗಣದವರೆಗೆ. ಹಿಂದೆ ನೆಲದಲ್ಲಿ ಹಗೇವು ತೆಗೆದು ಜೋಳ ಹೂಳಿ ಬಾಯಿಗೆ ಮಣ್ಣು ಮೆತ್ತುತ್ತಿದ್ದುದಕ್ಕೆ ಕಳ್ಳರ ಭಯದಷ್ಟೇ ಇಲಿಯ ಭಯವೂ ಕಾರಣ.

ಎರೆನೆಲದ ಇಲಿಗಳ ಬದುಕನ್ನು ಮೊದಲು ಹತ್ತಿರದಿಂದ ಕಂಡು ಬರೆದವನು ವಾಲ್ಟರ್ ಎಲಿಯಟ್. ಈತನ ಹೆಸರು ಕನ್ನಡಿಗರಿಗೆ ಇನ್ನೊಂದು ಕಡೆಯಿಂದ ಪರಿಚಿತ. 1824ರ ಅಕ್ಟೋಬರಿನಲ್ಲಿ ಕಿತ್ತೂರಿನಲ್ಲಿ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಹತನಾದಾಗ ರಾಣಿ ಚೆನ್ನಮ್ಮನ ಸೆರೆಗೆ ಸಿಕ್ಕ ಇಬ್ಬರು ಬ್ರಿಟಿಷ್ ಅಧಿಕಾರಿಗಳಲ್ಲಿ ಈತ ಒಬ್ಬ. ಬಿಡುಗಡೆಯಾದ ಮೇಲೆ ಶಾಸನಗಳನ್ನೂ ಸಂಗ್ರಹಿಸಿದ, ಇಲಿಗಳನ್ನೂ ಸಂಗ್ರಹಿಸಿದ. ಧಾರವಾಡ ಸೀಮೆಯಲ್ಲಿ ಆತ ಹಿಡಿಸಿ ಲಂಡನ್ನಿಗೆ ಕಳಿಸಿದ ಇಲಿಗಳಿಗೆ ಜಾನ್ ಎಡ್ವರ್ಡ್ ಗ್ರೇ 1837ರಲ್ಲಿ ವೈಜ್ಞಾನಿಕ ಹೆಸರಿಟ್ಟ. ಎರಡು ವರ್ಷದ ನಂತರ ಎಲಿಯಟ್ಟನೇ ಆ ಸೀಮೆಯ ಸಸ್ತನಿಗಳ ಪಟ್ಟಿಯೊಂದನ್ನು ಮದರಾಸಿನಲ್ಲಿ ಅಚ್ಚು ಹಾಕಿಸಿದ. ಇಲಿ ಹಿಡಿಯುವುದರಲ್ಲಿ ನಿಪುಣರಾಗಿದ್ದ ವಡ್ಡರಿಂದ ಕೇಳಿ ತಿಳಿದದ್ದು ಅದರಲ್ಲಿ ಬಹಳ.

ಆತ ಕಳಿಸಿದ ಇಲಿಗಳಲ್ಲಿ ಒಂದು ಮೆಲ್ಟಾಡ, ಮೆತ್ತನೆ ತುಪ್ಪಳದ ಹೊಲದಿಲಿ. ಬಿಲ ತೋಡುವುದರಲ್ಲಿ ಇದು ಮಹಾ ಸೋಮಾರಿ. ಪೊದೆಯ ಬುಡದಲ್ಲಿ ಒಂದಿಷ್ಟು ಕೆದರಿಕೊಳ್ಳುತ್ತದೆ, ಇಲ್ಲವೇ ಹೆಗ್ಗಣ ಬಿಟ್ಟುಹೋದ ಬಿಲಕ್ಕೆ ಸೇರಿಕೊಳ್ಳುತ್ತದೆ. ಬೇಸಿಗೆಯಲ್ಲಿ ಅದೂ ಬೇಡ. ಎರೆ ಬಾಯಿಬಿಟ್ಟಾಗ ಬೀಳುವ ಆಳದ ಬಿರುಕುಗಳೇ ಸಾಕು. ಇಲ್ಲಿದೆ ಎಲಿಯಟ್ಟನ ಸೂಕ್ಷ್ಮ. ಮೊದಲ ಜೋರು ಮಳೆಗೆ ಎರೆ ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ, ಒಳಗಿದ್ದ ಇಲಿಗಳು ಪ್ರತಿವರ್ಷ ರಾಶಿಗಟ್ಟಲೆ ಸಾಯುತ್ತವೆ. 1826ರಲ್ಲಿ ಮುಂಗಾರಿನ ಆರಂಭದ ಮಳೆ ಕೈಕೊಟ್ಟಿತು. ಬಿರುಕು ಮುಚ್ಚಲಿಲ್ಲ, ಇಲಿ ಸಾಯಲಿಲ್ಲ. ಬಿತ್ತಿದ ಬೀಜವನ್ನು ಬಿತ್ತಿದಂತೆಯೇ ತಿಂದವು. ಉಳಿದದ್ದು ಬೆಳೆದು ತೆನೆಗಟ್ಟಿದಾಗ ಜೋಳದ ದಂಟು ಹತ್ತಿ ತೆನೆ ಕಡಿದು ಕೆಡವಿದವು. ಹೊಲಕ್ಕೆ ಹೊಲವೇ ಹಾಳಾಗಿ ರೈತರು ಕಂದಾಯ ಕಟ್ಟಲಾಗಲಿಲ್ಲ. ಇಷ್ಟು ಡಜನ್ ಇಲಿಗೆ ಇಷ್ಟು ಅಳತೆ ಕಾಳು ಎಂದು ವಡ್ಡರಿಗೆ ಕೊಟ್ಟು ಸಾವಿರಾರು ಕೊಲ್ಲಿಸಿದರೂ ಇಲಿಗಳ ಸಂಖ್ಯೆ ಇಳಿದಂತೆ ಕಾಣಲಿಲ್ಲವಂತೆ.

ಬರಗಾಲದ ಬೆನ್ನಿಗೇ ಇಲಿಗಾಲ ಬರುವುದನ್ನು ಇದಕ್ಕಿಂತ ಸ್ಪಷ್ಟವಾಗಿ ವಿವರಿಸಿದ ಬರಹ ಅಪರೂಪ. ಧಾರವಾಡದ ಎರೆಯಾದರೂ ಭಾಲ್ಕಿಯ ಎರೆಯಾದರೂ ಮಳೆ ಬಿದ್ದಾಗ ಉಬ್ಬುವ ಗುಣ ಒಂದೇ.

ಕೊಂದಷ್ಟೂ ಮುಗಿಯದ ಈ ಲೆಕ್ಕದ ಗುಟ್ಟು ಹೆರಿಗೆಯಲ್ಲಿದೆ. ಹೊಲದಿಲಿಯ ಬಸಿರು ಸುಮಾರು ಮೂರು ವಾರ. ಒಂದು ಸೂಲಿಗೆ ನಾಲ್ಕಾರು ಮರಿ, ಹೆಗ್ಗಣವಾದರೆ ಇನ್ನೂ ಹೆಚ್ಚು. ಕೆಲವೇ ತಿಂಗಳಲ್ಲಿ ಆ ಮರಿಗಳೂ ತಾಯಂದಿರು. ಬಹುಪಾಲು ಇಲಿಗಳು ಒಂದು ವರ್ಷ ಪೂರೈಸುವುದಿಲ್ಲ. ಗೂಬೆ, ಹಾವು, ನರಿ, ಮುಂಗುಸಿ, ಮಳೆ, ಪಾಷಾಣ ಒಂದಲ್ಲ ಒಂದು ಹಿಡಿದೇ ಹಿಡಿಯುತ್ತದೆ. ಪಾಷಾಣಕ್ಕೂ ಅವು ಸುಲಭಕ್ಕೆ ಬಗ್ಗುವುದಿಲ್ಲ. ಕೃಷಿ ತಜ್ಞರು ಹೇಳುವ ಕ್ರಮದಲ್ಲಿ ಎರಡು ಮೂರು ದಿನ ವಿಷವಿಲ್ಲದ ಕಾಳನ್ನೇ ಎಣ್ಣೆ ಸವರಿ ಇಡಬೇಕು, ರುಚಿ ಹತ್ತಿದ ಮೇಲೆ ನೂರಕ್ಕೆ ಎರಡು ಪಾಲು ಜಿಂಕ್ ಫಾಸ್ಫೈಡ್ ಬೆರೆಸಬೇಕು. ಇಲಿಗೆ ವಾಂತಿ ಮಾಡಲು ಬಾರದು. ನುಂಗಿದ್ದನ್ನು ಹೊರಹಾಕಲಾಗದ ಪ್ರಾಣಿ ಹೊಸ ತಿನಿಸನ್ನು ಮೊದಲು ಚೂರೇ ಚೂರು ಮೂಸಿ ತಿಂದು ನೋಡುತ್ತದೆ. ಹೊಟ್ಟೆ ಕೆಟ್ಟರೆ ಮತ್ತೆ ಅತ್ತ ಸುಳಿಯದು. ಜಿಂಕ್ ಫಾಸ್ಫೈಡ್ ಹೊಟ್ಟೆಯ ಆಮ್ಲಕ್ಕೆ ತಾಗಿ ಫಾಸ್ಫೀನ್ ಅನಿಲವಾಗುತ್ತದೆ. ಅದು ಇಲಿಗೆ ಎಷ್ಟು ಮಾರಕವೋ ಕೋಳಿಗೆ, ನಾಯಿಗೆ, ಮಕ್ಕಳಿಗೆ ಅಷ್ಟೇ ಮಾರಕ.

ಶಾರ್ಕಿಗೆ ಹೆದರುವವರು ಇಲಿಗೆ ನಗುತ್ತಾರೆ. ಲೆಕ್ಕ ತಿರುಗಾಮುರುಗಾ ಇದೆ. ಜಗತ್ತಿನ ಎಲ್ಲ ಕಡಲುಗಳಲ್ಲಿ, ಕೆಣಕದೆಯೇ ಮನುಷ್ಯರನ್ನು ಶಾರ್ಕ್ ಕಚ್ಚುವ ಘಟನೆಗಳು ವರ್ಷಕ್ಕೆ ನೂರನ್ನೂ ಮುಟ್ಟುವುದಿಲ್ಲ, ಸಾವುಗಳು ಬೆರಳೆಣಿಕೆಯವು. ಸ್ಕೋಲಿಯೋಡಾನ್ ತಿನ್ನುವುದಂತೂ ಸಿಗಡಿ, ಬೊಂಡಾಸ್, ಸಣ್ಣ ಮೀನು. ಇಲಿಗಳ ಕಥೆ ಬೀದರಿನ ಪಕ್ಕದಲ್ಲೇ ನಡೆದಿದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನೆರೆಯ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ಅಲುಗಿತು. ಕುಸಿದ, ತೊರೆದ ಮನೆಗಳಲ್ಲಿ ಉಳಿದ ಕಾಳು ಇಲಿಗಳ ಪಾಲಾಯಿತು. ಮರುವರ್ಷ ಆಗಸ್ಟಿನಲ್ಲಿ, ಲಾತೂರಿನ ಆಚೆಯ ಬೀಡ್ ಜಿಲ್ಲೆಯ ಮಾಮ್ಲಾ ಹಳ್ಳಿಯಲ್ಲಿ ಗಂಟು ಪ್ಲೇಗು ಕಾಣಿಸಿಕೊಂಡಿತು, ಸೆಪ್ಟೆಂಬರಿನಲ್ಲಿ ಪ್ಲೇಗಿನ ಭಯಕ್ಕೆ ಸೂರತ್ತಿನಿಂದ ಜನ ಗುಳೆ ಹೊರಟರು. ಭೂಕಂಪಕ್ಕೂ ಪ್ಲೇಗಿಗೂ ಇಲಿಯೇ ಕೊಂಡಿ ಎಂದು ಆಗ ತಜ್ಞರು ವಿವರಿಸಿದರು. ಹೊಲದಾಚೆಯ ಬೀಳಿನಲ್ಲಿ ಬದುಕುವ ಜರ್ಬಿಲ್ ಇಲಿಗಳಲ್ಲಿ ಪ್ಲೇಗಿನ ಸೂಕ್ಷ್ಮಾಣು ಸದ್ದಿಲ್ಲದೆ ಉಳಿದಿರುತ್ತದೆ. ಅದು ಊರಿನ ಇಲಿಗೆ, ಇಲಿಯ ಚಿಗಟಕ್ಕೆ, ಚಿಗಟದಿಂದ ಮನುಷ್ಯನಿಗೆ ದಾಟುತ್ತದೆ.

ಇನ್ನು ಶಾರ್ಕಿನ ಬಾಣಂತನ. ಸ್ಕೋಲಿಯೋಡಾನ್ ವಿಜ್ಞಾನಿಗಳ ಕಣ್ಣಿಗೆ ಬಿದ್ದದ್ದೇ ಇದಕ್ಕಾಗಿ, ಮತ್ತು ಈ ಒಂದು ವಿಷಯದಲ್ಲಿ ಅದು ಇಲಿಗೆ ದಾಯಾದಿಯಂತೆ ಕಾಣುತ್ತದೆ. ಅನೇಕ ಶಾರ್ಕುಗಳು ದೊಡ್ಡ ಹಳದಿ ಭಂಡಾರವಿರುವ ಮೊಟ್ಟೆ ಮಾಡುತ್ತವೆ. ಸ್ಕೋಲಿಯೋಡಾನಿನ ಮೊಟ್ಟೆ ಕೇವಲ ಒಂದು ಮಿಲಿಮೀಟರ್. ಶಾರ್ಕುಗಳಲ್ಲೆಲ್ಲ ಇಷ್ಟು ಸಣ್ಣ ಮೊಟ್ಟೆ ಇನ್ನೊಂದಿಲ್ಲ. ಒಳಗೆ ಬುತ್ತಿಯೇ ಇಲ್ಲವೆನ್ನಬಹುದಾದ ಆ ಮೊಟ್ಟೆ ತಾಯಿಯ ಗರ್ಭಕೋಶಕ್ಕೆ ಅಂಟಿಕೊಳ್ಳುತ್ತದೆ, ಮಾಸು ಬೆಳೆಯುತ್ತದೆ, ಹೊಕ್ಕುಳಬಳ್ಳಿ ಮೂಡುತ್ತದೆ, ತಾಯಿಯ ರಕ್ತದಿಂದಲೇ ಮರಿಗೆ ಪೋಷಣೆ ಸಿಗುತ್ತದೆ. ಮೀನುಗಳಲ್ಲಿ ಇಷ್ಟು ಮುಂದುವರಿದ ಮಾಸು ಬೇರೆ ಯಾವುದಕ್ಕೂ ಇಲ್ಲವೆಂದು ಪರಿಗಣಿಸಲಾಗಿದೆ. ಇಲಿಯ ಪೂರ್ವಜರೂ ಶಾರ್ಕಿನ ಪೂರ್ವಜರೂ ನಲವತ್ತು ಕೋಟಿ ವರ್ಷಕ್ಕೂ ಹಿಂದೆಯೇ ಬೇರೆಯಾದ ಮೇಲೆ, ಒಬ್ಬರ ವಿದ್ಯೆ ಇನ್ನೊಬ್ಬರಿಗೆ ಗೊತ್ತಿಲ್ಲದೆ, ಎರಡೂ ಕಡೆ ಒಂದೇ ಏರ್ಪಾಟು ಹುಟ್ಟಿತು.

ಕೆಲವು ಶಾರ್ಕುಗಳಿಗೆ ಹೊಕ್ಕುಳಬಳ್ಳಿ ಇದೆಯೆಂದು ಗ್ರೀಸಿನ ಅರಿಸ್ಟಾಟಲ್ ಎರಡು ಸಾವಿರ ವರ್ಷಕ್ಕೂ ಹಿಂದೆ ಬರೆದಿಟ್ಟಿದ್ದ. ಮುಂದಿನವರು ಅದನ್ನು ನಂಬಿರಲಿಲ್ಲ. ಅದು ನಿಜವೆಂದು 1842ರಲ್ಲಿ ತೋರಿಸಿಕೊಟ್ಟವನು ಬರ್ಲಿನ್ನಿನ ಯೊಹಾನೆಸ್ ಮ್ಯುಲರ್. ಅದಕ್ಕೆ ನಾಲ್ಕು ವರ್ಷ ಮೊದಲು ಯಾಕೋಬ್ ಹೆನ್ಲೆಯ ಜೊತೆ ಸೇರಿ ಸ್ಕೋಲಿಯೋಡಾನಿಗೆ ನಾಮಕರಣ ಮಾಡಿದವನೂ ಅವನೇ.

ಮಾಸು ಒಂದೇ ತರಹವಾದರೂ ಗಡಿಯಾರ ಬೇರೆ. ಸ್ಕೋಲಿಯೋಡಾನ್ ಬಸಿರು ಐದಾರು ತಿಂಗಳು. ಹುಟ್ಟುವ ಮರಿಗಳು ಹತ್ತು ಹದಿನಾಲ್ಕರ ಆಸುಪಾಸು, ಒಂದೊಂದೂ ಗೇಣಿಗಿಂತ ಚಿಕ್ಕದು. ಮೈನೆರೆಯಲು ಒಂದೆರಡು ವರ್ಷ, ಆಯುಸ್ಸು ಆರೇಳು ವರ್ಷ. ಶಾರ್ಕುಗಳ ಪೈಕಿ ಇದು ಅವಸರದ ಪ್ರಾಣಿ! ಸ್ಪರ್‌ಡಾಗ್ ಎಂಬ ಶಾರ್ಕ್ ಎರಡು ವರ್ಷದ ಹತ್ತಿರ ಬಸಿರು ಹೊರುತ್ತದೆ. ಗ್ರೀನ್‌ಲ್ಯಾಂಡ್ ಶಾರ್ಕ್ ಮರಿ ಹಾಕುವ ಪ್ರಾಯಕ್ಕೆ ಬರಲು ಸುಮಾರು ಒಂದೂವರೆ ಶತಮಾನ ಬೇಕೆಂದು 2016ರ ಅಧ್ಯಯನವೊಂದು ಅಂದಾಜಿಸಿದೆ. ಆ ಬಳಗದಲ್ಲಿ ಸ್ಕೋಲಿಯೋಡಾನೇ ಇಲಿ. ಆದರೆ ನಿಜವಾದ ಇಲಿಯ ಪಕ್ಕದಲ್ಲಿ ನಿಲ್ಲಿಸಿದರೆ ಅದು ಸೋಲುತ್ತದೆ; ವಡ್ಡರು ಎಲಿಯಟ್ಟನ ಕಾಲದಲ್ಲಿ ಇಲಿ ಹಿಡಿದ ವೇಗದಲ್ಲಿ ಹಿಡಿದರೆ ಅದು ತುಂಬಿಕೊಳ್ಳಲಾರದು. ಟ್ರಾಲ್ ಬಲೆ ಕೆಸರು ತಳವನ್ನು ಬಾಚುತ್ತ ಸಾಗುವಾಗ ಸಿಗಡಿಯ ಜೊತೆ ಬಸುರಿ ಶಾರ್ಕೂ ಮರಿಶಾರ್ಕೂ ಒಟ್ಟಿಗೇ ಮೇಲೆ ಬರುತ್ತವೆ.

ಅಡುಗೆಮನೆಯ ಸಂಗತಿಯೊಂದು ಇಲ್ಲಿ ಹೇಳಲೇಬೇಕು. ಶಾರ್ಕ್ ಮಾಂಸ ತುಸು ಹಳತಾದರೆ ಅಮೋನಿಯಾ ನಾತ ಹೊಡೆಯುತ್ತದೆ. ಕಾರಣ ಯೂರಿಯಾ. ಉಪ್ಪು ನೀರು ಮೈಯ ನೀರನ್ನು ಹೀರದಂತೆ ಶಾರ್ಕ್ ತನ್ನ ರಕ್ತದಲ್ಲಿ, ಮಾಂಸದಲ್ಲಿ ಯೂರಿಯಾ ಕೂಡಿಟ್ಟುಕೊಳ್ಳುತ್ತದೆ. ಸತ್ತ ಮೇಲೆ ಬ್ಯಾಕ್ಟೀರಿಯಾ ಅದನ್ನು ಅಮೋನಿಯಾ ಮಾಡುತ್ತದೆ. ಎರೆಹೊಲದ ಇಲಿಗೂ ನೀರು ಉಳಿಸುವ ಚಿಂತೆಯೇ. ಅದು ಯೂರಿಯಾವನ್ನು ಹೊರಹಾಕುತ್ತದೆ, ಆದರೆ ಹನಿ ನೀರಿನಲ್ಲಿ, ಗಾಢವಾಗಿ. ಮೇ ತಿಂಗಳ ಔರಾದಿನ ಬಿಸಿಲೂ ಅರಬ್ಬಿ ಸಮುದ್ರದ ಉಪ್ಪೂ ಮೈಯೊಳಗಿನ ನೀರಿಗೆ ಒಂದೇ ಬಗೆಯ ಶತ್ರುಗಳು.

ಇಲಿಯನ್ನೂ ಶಾರ್ಕನ್ನೂ ಕಾನೂನು ನೋಡಿದ ಬಗೆ ವಿಚಿತ್ರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇಲಿಗಳನ್ನು ಕಾಗೆ, ಬಾವಲಿಗಳ ಜೊತೆ ಉಪದ್ರವಿಗಳ ಪಟ್ಟಿಗೆ ಹಾಕಿತ್ತು. ಶಾರ್ಕಿನ ಸುದ್ದಿಯನ್ನೇ ಎತ್ತಿರಲಿಲ್ಲ. ಮೀನುಗಳಲ್ಲೆಲ್ಲ ದೊಡ್ಡದಾದ ತಿಮಿಂಗಿಲ ಶಾರ್ಕಿಗೆ ಮೊದಲ ಅನುಸೂಚಿಯ ರಕ್ಷಣೆ ಸಿಕ್ಕಿದ್ದು 2001ರಲ್ಲಿ. 2015ರಲ್ಲಿ ಶಾರ್ಕ್ ರೆಕ್ಕೆಗಳ ರಫ್ತು ನಿಂತಿತು. 2022ರ ತಿದ್ದುಪಡಿ ಉಪದ್ರವಿಗಳ ಅನುಸೂಚಿಯನ್ನೇ ಕಿತ್ತುಹಾಕಿತು. ಅದೇ ವರ್ಷ ನವೆಂಬರಿನಲ್ಲಿ ಪನಾಮಾದಲ್ಲಿ ಸೇರಿದ, ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಸಭೆ ಸ್ಕೋಲಿಯೋಡಾನ್ ಸೇರಿರುವ ಇಡೀ ಕುಟುಂಬದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕಿತು. ಊರ ಮಾರುಕಟ್ಟೆಯ ಮೋರಿ ಸಾರಿಗೆ ಇದು ಅಡ್ಡಿಯಲ್ಲ. ಹಡಗು ಹತ್ತುವ ಮಾಲಿಗೆ ಮಾತ್ರ ಪರವಾನಗಿ ಬೇಕು.

ಕಾಲೇಜಿನ ಟ್ರೇಗಳೂ ಖಾಲಿಯಾಗಿವೆ. ವಿಶ್ವವಿದ್ಯಾಲಯ ಅನುದಾನ ಆಯೋಗ 2011ರಲ್ಲಿ ಪ್ರಾಣಿ ಕೊಯ್ಯುವುದನ್ನು ಹಂತಹಂತವಾಗಿ ಬಿಡಿ ಎಂದಿತು, 2014ರಲ್ಲಿ ಪೂರ್ತಿ ನಿಲ್ಲಿಸಿ ಎಂದಿತು. ಒಳ್ಳೆಯದೇ ಆಯಿತು, ನಕಲು ಚಿತ್ರ ಬರೆಯಲು ವರ್ಷವರ್ಷವೂ ಅಷ್ಟೊಂದು ಪ್ರಾಣಿಗಳು ಬೇಕಿರಲಿಲ್ಲ. ಬೀದರಿಗೆ ಕಡಲಿನ ನಂಟು ಮಾತ್ರ ಹರಿದಿಲ್ಲ. ನಗರದ ನಂದಿನಗರದಲ್ಲಿರುವ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ್ದು, 1969ರಲ್ಲಿ ಶುರುವಾದ ಮಂಗಳೂರಿನ ಮೀನುಗಾರಿಕೆ ಕಾಲೇಜು. ಶಾರ್ಕ್ ಹಿಡಿಯುವ ದೋಣಿಗಳ ಪಕ್ಕದಲ್ಲಿ ಓದುವ ಹುಡುಗರ ಪದವಿ ಪತ್ರಕ್ಕೆ ಮೊಹರು ಬೀಳುವುದು ಕಡಲಿಲ್ಲದ ಊರಿನಲ್ಲಿ.

ಜೂನ್ ಒಂದರಿಂದ ಜುಲೈ ಮೂವತ್ತೊಂದರವರೆಗೆ ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ 61 ದಿನಗಳೇ ಭಾಲ್ಕಿ, ಔರಾದಿನಲ್ಲಿ ಬಿತ್ತನೆಯ ಕಾಲ. ಒಳ್ಳೆ ಮಳೆ ಬಿದ್ದರೆ ಎರೆಯ ಬಿರುಕುಗಳು ಮುಚ್ಚಿ ಇಲಿಗಳಿಗೆ ಸಾವು. ಅದೇ ಮಳೆಗಾಲ ಶಾರ್ಕಿಗೆ ಬಿಡುವು. ಆದರೆ ಉಳಿದ ಇಲಿಯೊಂದು ಆ ಅವಧಿಯಲ್ಲಿ ಎರಡು ಸಲ ಹೆತ್ತು ಮೂರನೆಯದಕ್ಕೆ ಬಸಿರಾಗಿರಬಹುದು. ಜೂನ್ ಮೊದಲ ದಿನ ಬಸಿರಾದ ಸ್ಕೋಲಿಯೋಡಾನಿಗೆ ದೋಣಿಗಳು ಮತ್ತೆ ಹೊರಡುವ ಹೊತ್ತಿಗೆ ಇನ್ನೂ ಮೂರು ನಾಲ್ಕು ತಿಂಗಳು ಬಾಕಿ.